ಹಲ್ಲಿನ ಗಾರೆ

ಸುಗ್ಗಿ ಮುಗಿದು ನೆಲ ಗಟ್ಟಿಯಾಗಿತ್ತು. ಮಳೆ ಹಿಡಿಯುವುದರೊಳಗೆ ಉಗ್ರಾಣದ ಗೋಡೆ ಎಬ್ಬಿಸಬೇಕೆಂದು ಮೇಸ್ತ್ರಿ ಬೆಳಗಿನಿಂದ ಕಲ್ಲಿನ ಮೇಲೆ ಕಲ್ಲು ಕೂರಿಸುತ್ತಿದ್ದ. ಎಂಟು ವರ್ಷದಿಂದ ಅವನಿಗೆ ಗಾರೆ ಕಲಸಿಕೊಡುತ್ತಿದ್ದ ಹೆಂಗಸು ಬಾಂಡ್ಲಿ ಇಳಿಸಿ ಮೆಲ್ಲಗೆ ಹೇಳಿದಳು:

“ಅಣ್ಣಾ, ಬೇಜಾರು ಮಾಡ್ಕೋಬೇಡ. ನಿನ್ನ ಬಾಯಿ ವಾಸನೆ ಬರುತ್ತೆ. ಹಲ್ಲಿನ ಬುಡದಲ್ಲಿ ಕಿಟ್ಟ ಕಟ್ಟಿದೆ. ಒಂದ್ಸಲ ತೋರಿಸ್ಬಾರ್ದಾ?”

ಸುತ್ತಲಿದ್ದ ಆಳುಗಳಲ್ಲೊಬ್ಬ ಕಿಸಕ್ಕನೆ ನಕ್ಕ. ಮೇಸ್ತ್ರಿಯ ಮುಖ ಕೆಂಪೇರಿತು.

“ನನ್ನ ಬಾಯಿ ಮೂಸೋಕೆ ನಿನ್ನ ಕರೆದಿದ್ನಾ? ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!”

ಆಕೆ ಕೈ ತೊಳೆದುಕೊಂಡು ಹೊರಟುಹೋದಳು.

ಕಿಟ್ಟದ ವಿಷಯ ಅವನಿಗೆ ಗೊತ್ತಿಲ್ಲದ್ದೇನಲ್ಲ. ವರ್ಷಗಳಿಂದ ಅದು ನಾಲಿಗೆಗೆ ಒರಟಾಗಿ ತಾಗುತ್ತಿತ್ತು. ಆದರೆ ಕಲ್ಲುಗಳನ್ನು ಗಾರೆ ಹಿಡಿದಂತೆ ಅದು ಹಲ್ಲುಗಳನ್ನು ಹಿಡಿದು ನಿಲ್ಲಿಸಿದೆ ಎಂದೇ ಅವನ ನಂಬಿಕೆ. ಉಜ್ಜುವಾಗ ಅಲ್ಲಿಗೆ ಬ್ರಷ್ಷು ತಾಗದಂತೆ ನೋಡಿಕೊಳ್ಳುತ್ತಿದ್ದ.

ವಾರ ಕಳೆಯುವುದರೊಳಗೆ ತುತ್ತಿನಲ್ಲಿ ರಕ್ತ ಕಂಡಿತು. ಕೆಳಗಿನ ಹಲ್ಲೊಂದು ಅಲುಗಾಡಿತು. ಮಗಳು ಬಿಡದೆ ದಂತವೈದ್ಯೆಯ ಬಳಿಗೆ ಎಳೆದೊಯ್ದಳು.

“ಕೆರೀಬೇಡಿ ತಾಯಿ. ಗಾರೆ ಕಿತ್ರೆ ಗೋಡೆ ನಿಲ್ಲುತ್ತಾ?”

ವೈದ್ಯೆ ನಗಲಿಲ್ಲ. “ಯಜಮಾನ್ರೇ, ಗೋಡೆ ಬುಡದಲ್ಲಿ ಗಿಡ ಬೇರು ಬಿಟ್ರೆ ಏನು ಮಾಡ್ತೀರಿ?”

“ಕಿತ್ತು ಹಾಕ್ತೀವಿ. ಬಿಟ್ರೆ ಪಾಯ ಸಡಿಲ ಆಗುತ್ತೆ.”

“ಇದೂ ಹಾಗೇ. ಇದರಲ್ಲಿರೋ ಕ್ರಿಮಿಗಳಿಂದ ವಸಡು ಊದುತ್ತೆ, ಹಲ್ಲು ಹಿಡಿದಿರೋ ಮೂಳೆ ಕರಗುತ್ತೆ.”

ಅವನು ಕುರ್ಚಿಗೊರಗಿ ಬಾಯಿ ತೆರೆದ.

ಮೂರು ಸಲ ಹೋಗಬೇಕಾಯಿತು. ಅಲುಗಾಡಿದ ಹಲ್ಲು ದಕ್ಕಲಿಲ್ಲ, ಮಿಕ್ಕವು ಉಳಿದವು. ಕೊನೆಯ ದಿನ ವೈದ್ಯೆ ಕೇಳಿದಳು: “ಇನ್ನೂ ತಡ ಮಾಡಿದ್ರೆ ನಾಲ್ಕೈದು ಹೋಗ್ತಿದ್ವು. ಯಾರೂ ಹೇಳಿರ್ಲಿಲ್ವಾ?”

“ಒಬ್ಬಳು ಹೇಳಿದ್ಲು,” ಎಂದ ಮೇಸ್ತ್ರಿ, ತಲೆ ತಗ್ಗಿಸಿ.

ಸಂಜೆ ಆಕೆಯ ಮನೆಗೆ ಹೋದ. “ತಪ್ಪಾಯ್ತು ತಂಗಿ. ಕೆಲಸಕ್ಕೆ ಬಾ.”

“ಬೈದಿದ್ದು ಹತ್ತು ಜನರ ಮುಂದೆ. ತಪ್ಪು ಒಪ್ಕೊಳ್ಳೋದು ಯಾರೂ ಇಲ್ಲದ ಕಡೆನಾ, ಅಣ್ಣಾ?”

“ನಾಳೆ ಬಂದು ನೋಡು,” ಎಂದು ಅವನು ಹೊರಟ. ಮರುದಿನ ಆಕೆ ಬಂದು ಗಾರೆ ಕಲಸತೊಡಗಿದಾಗ, ಮೇಸ್ತ್ರಿ ಕರಣೆ ಕೆಳಗಿಟ್ಟು ಆಳುಗಳನ್ನೆಲ್ಲ ಕೂಗಿ ಕರೆದ.

“ನನ್ನ ಬಾಯಿ ನಾರ್ತಿತ್ತು. ನಿಮಗೆಲ್ಲ ಗೊತ್ತಿತ್ತು, ಬೆನ್ನ ಹಿಂದೆ ನಗ್ತಿದ್ರಿ. ಮುಖಕ್ಕೆ ಹೇಳಿದೋಳು ಇವಳೊಬ್ಬಳೇ. ಇನ್ಮೇಲೆ ನಾನು ಅಗಿದು ತಿನ್ನೋ ಪ್ರತಿ ತುತ್ತೂ ಇವಳ ಋಣ.”

ಎಲ್ಲರೆದುರು ಆಕೆಗೆ ಕೈಮುಗಿದ. ಯಾರೂ ನಗಲಿಲ್ಲ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು:

“ಆಯ್ತು, ತೀರ್ತು ಬಿಡು ಋಣ. ಕಲಸಿದ ಗಾರೆ ಗಟ್ಟಿಯಾಗ್ತಾ ಇದೆ, ಕರಣೆ ತಗೋ.”