ಮಾಳಪ್ಪನ ಮಣ್ಣಿನ ಸುದ್ದಿ

"ಏ ಲಕ್ಷ್ಮಣಾ, ಟೀವಿ ಬಂದ್ ಮಾಡಿದ್ಯಂದ್ರ ನೋಡು!"

ಸುಂದ್ರವ್ವ ಗದರಿದ ರಭಸಕ್ಕೆ ಮೈದುನ ಚಾಚಿದ ಕೈ ಹಿಂದಕ್ಕೆಳೆದುಕೊಂಡ. ಗೋಡೆಗೆ ಆನಿಸಿ ಕೂಡಿಸಿದ್ದ ಗಂಡ ಮಾಳಪ್ಪನ ಹೆಣದ ಗಲ್ಲಕ್ಕೆ ಕಟ್ಟಿದ ಬಟ್ಟೆಯನ್ನು ಬಿಗಿ ಮಾಡುತ್ತ, ಆಕೆ ಗೋಕಾಕಿನ ಚಾನೆಲ್ಲನ್ನೇ ನೋಡುತ್ತಿದ್ದಳು. ಅಲ್ಲಿ ಸೀರೆ ಅಂಗಡಿಯ ಜಾಹೀರಾತು ಮುಗಿದು ಮತ್ತೆ ಅದೇ ಸೀರೆ ಅಂಗಡಿ ಬಂತು.

"ವೈನಿ, ಸತ್ತ ಮನ್ಯಾಗ ಟೀವಿ ಹಚ್ಚಿದ್ರ ಮಂದಿ ಏನಂದಾರು?"

"ಅನ್ನಾಕರ ಮಂದಿ ಬರಬೇಕಲ್ಲೋ! ನಿಮ್ಮಣ್ಣನ ಸುದ್ದಿ ಅದ್ರಾಗ ಬರದ ಯಾರಿಗಿ ಗೊತ್ತಾಗಬೇಕು?"

ಬೀಗರಿಗೆಲ್ಲ ಫೋನು ಹೋಗಿತ್ತು. ಆದರೆ ಮಾಳಪ್ಪನ ಮಂದಿ ಫೋನಿನ ಮಂದಿಯಲ್ಲ. ಕೌಜಲಗಿ, ಕುಲಗೋಡ, ಮೂಡಲಗಿ ಕಡೆಯ ಮುದುಕ ಮುದುಕಿಯರಿಗೆ ಸಾವು ತಿಳಿಯುವುದು ಆ ಚಾನೆಲ್ಲಿನ ಕೆಳಗೆ ಓಡುವ ಪಟ್ಟಿಯಿಂದ: ಇಂಥವರು ತೀರಿಕೊಂಡರು, ಇಂಥ ಹೊತ್ತಿಗೆ ಮಣ್ಣು. ಆ ಪಟ್ಟಿ ಶುರುಮಾಡಿದವನೇ ಮಾಳಪ್ಪ. ಈಗಿನ ಮಾಲಕ ಮಹಾಂತೇಶನಿಗೆ ಬೆಳಿಗ್ಗೆಯೇ ಫೋಟೋ ಕಳಿಸಿಯಾಗಿತ್ತು.

* * *

ಗೋಕಾಕಿನಲ್ಲಿ ಮಾಳಿಗೆಯಿಂದ ಮಾಳಿಗೆಗೆ ವೈರು ಎಳೆದು, ಒಂದು ಬಾಡಿಗೆ ಖೋಲಿಯಲ್ಲಿ ಚಾನೆಲ್ ಹುಟ್ಟಿಸಿದವನು ಮಾಳಪ್ಪ. ಒಮ್ಮೆ ಮೂಡಲಗಿಯ ದೊಡ್ಡ ವ್ಯಾಪಾರಿಯ ಮಗನ ಮದುವೆ ನೇರಪ್ರಸಾರವಾಗುತ್ತಿತ್ತು. ಆಗ ಕುಲಗೋಡದ ಕುರುಬ ಬೀರಸಿದ್ದಪ್ಪ ಸತ್ತ ಸುದ್ದಿ ಬಂತು. ಅಕ್ಷತೆ ಬೀಳುವ ಹೊತ್ತಿಗೇ ಮಾಳಪ್ಪ ಮದುವೆ ನಿಲ್ಲಿಸಿ, ಇಡೀ ಪರದೆ ತುಂಬ ಬೀರಸಿದ್ದಪ್ಪನ ಮುಖ ತೋರಿಸಿದ್ದ.

ವ್ಯಾಪಾರಿ ಫೋನಿನಲ್ಲಿ ಬೆಂಕಿ ಕಾರಿದ.

"ಮದಿವಿ ನಾಳಿಗೂ ತೋರಸ್ತೇನ್ರಿ. ಮಣ್ಣಿಗಿ ನಾಳಿ ಹೋಗಾಕ ಬರ್ತೈತೇನ್ರಿ?" ಎಂದಿದ್ದ ಮಾಳಪ್ಪ. ಆ ದಿನ ಕುಲಗೋಡಕ್ಕೆ ಟ್ರ್ಯಾಕ್ಟರುಗಟ್ಟಲೆ ಮಂದಿ ಹೋದರು.

ಇಂಥ ಗಂಡಸು, ಸೆಟ್‌ಟಾಪ್ ಬಾಕ್ಸ್ ಕಾಲ ಬಂದಾಗ, ಲೈಸೆನ್ಸಿನ ಕಾಗದಪತ್ರಕ್ಕೆ ತಾನೇ ಕೆಲಸ ಕಲಿಸಿದ ಮಹಾಂತೇಶನನ್ನು ಕಳಿಸಿದ. ಅವನು ತನ್ನ ಹೆಸರಿಗೇ ಮಾಡಿಸಿಕೊಂಡು ಬಂದ. "ಹೆಸರು ಯಾರದರ ಇರಲಿ, ಕೆಲಸ ನಡೀತೈತಲ್ಲ" ಎಂದು ಮಾಳಪ್ಪ ನಕ್ಕ. ಆ ನಗುವನ್ನು ಸುಂದ್ರವ್ವ ಇವತ್ತಿಗೂ ಕ್ಷಮಿಸಿಲ್ಲ. ಮುಂದೆ ಮಾಳಪ್ಪನ ಕುರ್ಚಿಯೂ ಖೋಲಿಯಿಂದ ಹೊರಗೆ ಬಂತು.

* * *

ಮಣ್ಣು ಮೂರಕ್ಕೆಂದು ಹೇಳಿತ್ತು. ಮೂರಾದರೂ ಪಟ್ಟಿಯಲ್ಲಿ ಮಾಳಪ್ಪನಿಲ್ಲ. ಲಕ್ಷ್ಮಣ ಫೋನು ಹಚ್ಚಿದ.

"ಪಾರ್ಟಿ ಲೀಡರ್ ಹಾರ ಹಾಕಾಕ ಬರಾಕತ್ತಾರ," ಎಂದ ಮಹಾಂತೇಶ. "ಆ ವಿಡಿಯೋ ಜೋಡೀನ ಸುದ್ದಿ ಬಿಡ್ತೇನಿ. ಹೆಣಾ ಎತ್ತಬ್ಯಾಡ್ರಿ."

ಕಾದರು. ಲೀಡರ್ ಬರಲಿಲ್ಲ. ಹೊತ್ತು ಇಳಿಯುತ್ತದೆಂದು ಹಿರಿಯರು ಅವಸರ ಮಾಡಿದರು. ಊರಿನ ಸತ್ತವರಿಗೆಲ್ಲ ಮಂದಿ ಕೂಡಿಸಿದ ಮಾಳಪ್ಪನನ್ನು ಹೊತ್ತವರು ಓಣಿಯ ನಾಲ್ಕು ಮನೆಯವರಷ್ಟೇ.

ಮಣ್ಣು ಕೊಟ್ಟು ತಿರುಗಿ ಬಂದು ಮೈ ತೊಳೆಯುವಾಗ ಒಳಗಿದ್ದ ನೆರೆಯಾಕೆ ಕೂಗಿದಳು: "ಸುಂದ್ರಕ್ಕಾ, ನೀವು ಆ ಕಡೆ ಹೋದ್ರಿ, ಈ ಕಡೆ ಸುದ್ದಿ ಹಾಕಿದ್ರು! ಇನ್ನೂ ಬರಾಕತ್ತೈತಿ."

ಕೆಳಗೆ ಪಟ್ಟಿ ಓಡುತ್ತಿತ್ತು: ಮಾಳಪ್ಪ ನಿಧನ, ಇಂದು ಮೂರಕ್ಕೆ ಮಣ್ಣು. ಅದರ ಮೇಲೆ, ಪರದೆ ತುಂಬ, ಮಹಾಂತೇಶ ಕೈಮುಗಿದು ಕೂತಿದ್ದ.

"ಈ ಚಾನೆಲ್ ಕಟ್ಟುವಾಗ ಮಾಳಪ್ಪ ನನ್ನ ಕೈಕೆಳಗೆ ಪ್ರಾಮಾಣಿಕವಾಗಿ ದುಡಿದವರು..."

"ಥೂ ನಿನ್ನ!" ಎಂದಳು ಸುಂದ್ರವ್ವ.

ಅಷ್ಟರಲ್ಲಿ ಕುಲಗೋಡದ ಬಸ್ಸಿಳಿದು, ಬೀರಸಿದ್ದಪ್ಪನ ಹೆಂಡತಿ ಭರಮವ್ವ ಏದುಸಿರು ಬಿಡುತ್ತ ಹೊಸ್ತಿಲಿಗೆ ಬಂದಳು. ಕೈಯಲ್ಲಿ ಚೆಂಡುಹೂವಿನ ದೊಡ್ಡ ಹಾರವಿತ್ತು.

"ಟೀವ್ಯಾಗ ನೋಡಿ ಓಡಿ ಬಂದ್ನೆವ್ವಾ. ಹೊತ್ತು ಮೀರೇತಿ, ಆದ್ರೂ ಇನ್ನ ಎತ್ತಿಲ್ಲಲ್ಲ? ಎಲ್ಲಿ ಕುಂಡರಿಸೀರಿ ನಮ್ಮಪ್ಪನ್ನ?"

ಮುದುಕಿ ಖಾಲಿ ಗೋಡೆ ನೋಡಿ ಅಲ್ಲೇ ಕುಸಿದಳು. ಸುಂದ್ರವ್ವ ಆಕೆಯ ಕೈಯಿಂದ ಹಾರ ಇಸಿದುಕೊಂಡು ಒಳಗೆ ನಡೆದಳು. ನೇರ ಹೋಗಿ ಟೀವಿಗೆ ಹಾಕಿದಳು. ಹೂವಿನ ನಡುವೆ ಮಹಾಂತೇಶ ಮಾತಾಡುತ್ತಲೇ ಇದ್ದ.

"ವೈನಿ, ಏನ ಮಾಡಾಕತ್ತಿ? ಜೀವ ಇದ್ದಾಂವಗ..." ಎಂದು ಲಕ್ಷ್ಮಣ ಹಾರ ತೆಗೆಯಲು ಬಂದ.

ಸುಂದ್ರವ್ವ ಅವನನ್ನು ಮೊಳಕೈಯಿಂದ ಸರಿಸಿದಳು. ಎರಡು ಊದಿನಕಡ್ಡಿ ಹಚ್ಚಿ, ಮಹಾಂತೇಶನ ಮುಖಕ್ಕೆ ನಿಧಾನವಾಗಿ ಬೆಳಗಿ, ಟೀವಿಯ ಮುಂದೆ ಸಿಕ್ಕಿಸಿದಳು.