ಕೆಂದೆತ್ತಿನ ಒಪ್ಪಿಗೆ

"ಇನ್ನೊಂಚೂರು ಗಟ್ಟಿಯಾಗಿ ಉಜ್ಜೇ, ಮುಂಡೆ. ದೇವ್ರ ಮುಂದೆ ನಿಲ್ಲೋ ಮೈ ಅದು."

ಮೆಲಿತ್ತಾಳ ಕೈಯಲ್ಲಿದ್ದ ಹುಲ್ಲಿನ ಸಿಂಬೆ ಎತ್ತಿನ ಬೆನ್ನ ಮೇಲೆ ನಿಂತುಬಿಟ್ಟಿತು. ನೇಗಿಲು ಕಟ್ಟುವ ಮುಂಚೆ ಕೆಂದೆತ್ತಿನ ಮೈ ತಿಕ್ಕುವುದು ಅವಳ ದಿನದ ಕೆಲಸ. ಧಣಿ ಹಿಪ್ಪಿಯಾಸನ ಪಾರುಪತ್ತೇಗಾರ ಸಿಮೋಸ್ ಒಕ್ಕಲ ಕೊಟ್ಟಿಗೆಗೆ ಬರುವುದು ಮಾತ್ರ ದಿನದ ಮಾತಲ್ಲ. ಅದಕ್ಕಿಂತ ಅವಳನ್ನು ಕುಟುಕಿದ್ದು ಆ ಬೈಗುಳ. ಗಂಡ ದ್ರೋಮೊನ್ ದಂಡಿನ ಹಿಂದೆ ಹೋಗಿ ಮೂರು ಸುಗ್ಗಿ ಕಳೆದಿದ್ದವು. ಇವನು ಸುಮ್ಮನೆ ಬೈದನೋ, ತನಗಿನ್ನೂ ಮುಟ್ಟದ ಸುದ್ದಿ ಇವನಿಗೆ ಮುಟ್ಟಿದೆಯೋ? ಮುಖ ನೋಡಿದಳು. ಅವನು ಎತ್ತಿನ ಹಲ್ಲು ನೋಡುತ್ತಿದ್ದ.

ಅಲೆಕ್ಸಾಂಡರ್ ಪರ್ಷಿಯದ ದೊರೆಯನ್ನು ಮತ್ತೆ ಓಡಿಸಿದ್ದಾನೆ, ಧಣಿಯ ಮಗನೂ ಆ ಕುದುರೆದಂಡಿನಲ್ಲಿದ್ದಾನೆ, ಇವತ್ತೇ ಜಯದ ಬಲಿ ಎಂದ ಸಿಮೋಸ್. ಧಣಿಗಳ ಕೊಟ್ಟಿಗೆಯಲ್ಲಿ ಎತ್ತುಗಳ ಸಾಲೇ ಇದೆಯಲ್ಲ ಎಂದು ಅವಳು ಮೆಲ್ಲಗೆ ಕೇಳಿದ್ದಕ್ಕೆ, ಅವು ಉಳುವ ಎತ್ತುಗಳು ಎಂದ.

"ಇದೂ ಉಳೋದೇ, ಬುದ್ಧಿ. ನೊಗ ಹೊತ್ತ ಎತ್ತು ಬಲಿಗಾಗಲ್ಲ ಅಂತಿದ್ರು ಹಿರೇರು."

"ನೊಗಾನಾ? ಎಲ್ಲೈತೆ ತೋರ್ಸು."

ತಂದಿದ್ದ ಹೂವಿನ ದಂಡೆಯನ್ನು ಅವನು ಎತ್ತಿನ ಕತ್ತಿಗೆ ಬಿಗಿದ. ನೊಗ ಕೂತು ಕೂತು ಜಡ್ಡುಗಟ್ಟಿದ್ದ ಜಾಗ ಹೂವಿನಡಿ ಮುಚ್ಚಿಹೋಯಿತು.

"ಬಲವಂತ ಏನಿಲ್ಲ ಕಣೇ. ನೀರು ಚಿಮುಕ್ಸಿದಾಗ ತಲೆ ಆಡ್ಸಿದ್ರೆ ಒಪ್ಪಿದಂಗೆ, ಬಲಿ. ಆಡ್ಸಲಿಲ್ವಾ, ಹೊಡ್ಕಂಡು ಹೋಗು ಮನೆಗೆ. ನ್ಯಾಯ ನೀತಿ ಐತೆ ನಮ್ತಾವ."

ಮೆಲಿತ್ತಾ ಆ ಮಾತನ್ನು ನಂಬಲಿಲ್ಲ. ಆದರೂ ಅದನ್ನೇ ಹಿಡಿದುಕೊಂಡು ನಡೆದಳು. ಕೆಂದೆತ್ತು ನೊಣ ಮುತ್ತಿದರೂ ಕತ್ತು ಕದಲಿಸದ ಜಾತಿ. ಅದು ಹೋದರೆ ಉಳುಮೆ ಹೋಯಿತು. ಉಳದ ಒಕ್ಕಲಿಗೆ ಧಣಿ ಹೊಲ ಬಿಡುವುದಿಲ್ಲ. ಹೊಲ ಹೋದವರ ಹೆಣ್ಣುಮಕ್ಕಳು ಎಲ್ಲಿಗೆ ಹೋಗುತ್ತಾರೆಂದು ಅವಳಿಗೆ ಗೊತ್ತಿತ್ತು: ಧಣಿಯ ಮನೆಯ ಬೀಸುವ ಕಲ್ಲಿಗೆ. ಏಳು ವರ್ಷದ ಮಗಳು ಮೀರ್ತೊ ಹಗ್ಗ ಹಿಡಿದು ಮುಂದೆ ಮುಂದೆ ಹೋಗುತ್ತಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಮೆಲಿತ್ತಾ ಮಡಿಲಿನ ಜವೆರೊಟ್ಟಿ ಮುರಿದು ಅವಳ ಕೈಗಿಟ್ಟಳು.

ಬಲಿಪೀಠದ ಹತ್ತಿರ ಕುದುರೆಯುಳ್ಳವರು ಕೂತಿದ್ದರು. ಎತ್ತಿನ ಹಗ್ಗ ಹಿಡಿದಿದ್ದ ತಾಯಿ ಮಗಳನ್ನು ಬಿಟ್ಟು ಉಳಿದ ಒಕ್ಕಲುಗಳು ದೂರ ನಿಂತರು. ಹಿಪ್ಪಿಯಾಸ್ ಎದ್ದು ಅಲೆಕ್ಸಾಂಡರನ ಕಥೆ ಹೇಳಿದ. ಯಾರಿಗೂ ಮಣಿಯದ ಕುದುರೆಯನ್ನು ಅವನು ಹುಡುಗನಾಗಿದ್ದಾಗಲೇ ಮಣಿಸಿದನಂತೆ, ಅದೂ ನಮ್ಮ ಥೆಸ್ಸಲಿ ನಾಡಿನ ಕುದುರೆ. ಸಮುದ್ರ ದಾಟಿದ. ಈಜಿಪ್ಟಿನವರು ಅವನನ್ನು ದೇವರ ಮಗನೆಂದರು. ಬಾಬಿಲೋನಿನವರು ತಾವಾಗಿಯೇ ಕೋಟೆಯ ಬಾಗಿಲು ತೆರೆದು ದಾರಿಗೆ ಹೂ ಚೆಲ್ಲಿದರು.

"ನಮ್ಮ ಒಕ್ಲುಗಳೂ ಅಷ್ಟೇ," ಎಂದ ಧಣಿ. "ಆ ದ್ರೋಮೊನ್ ಇರ್ಲಿಲ್ವೇ? ಕುದುರೆ ನೋಡ್ಕಳಕ್ಕೆ ಬರ್ತೀಯೇನ್ಲಾ ಅಂದೆ. ತಲೆ ಆಡಿಸ್ದ."

"ನಾನೇ ಕಣ್ಣಾರೆ ಕಂಡೆ," ಎಂದ ಸಿಮೋಸ್.

ಅವತ್ತು ದ್ರೋಮೊನ್ ಧಣಿಯ ಮನೆಗೆ ಉಪ್ಪು ತರಲು ಹೋದವನು. ಅವನ ಕಂಬಳಿ ಇವತ್ತಿಗೂ ಗೂಟದಲ್ಲೇ ಇದೆ. ಕೊರೆಯುವ ಚಳಿಯಲ್ಲಿ ಕಂಬಳಿ ಬಿಟ್ಟು ಯಾವ ಗಂಡಸು ತಾನಾಗಿ ಸಮುದ್ರ ದಾಟುತ್ತಾನೆ?

"ಅವ್ವಾ, ಅಪ್ಪ..." ಎಂದು ಮೀರ್ತೊ ಬಾಯಿ ತೆರೆದಳು. ಮೆಲಿತ್ತಾ ಅದನ್ನು ಅಂಗೈಯಿಂದ ಮುಚ್ಚಿದಳು. ಧಣಿಯ ಮುಂದೆ ಮಾತಾಡಿದ ಒಕ್ಕಲಿಗೆ ಬೀಳುವ ಏಟು ವಯಸ್ಸು ನೋಡುವುದಿಲ್ಲ.

ಪೂಜಾರಿ ಎತ್ತಿನ ಹಣೆಗೆ ನೀರು ಚಿಮುಕಿಸಿದ. ಕೆಂದೆತ್ತು ಕಲ್ಲಿನಂತೆ ನಿಂತಿತು. ಮತ್ತೆ ಚಿಮುಕಿಸಿದ. ರೆಪ್ಪೆ ಆಡಿತು, ತಲೆ ಆಡಲಿಲ್ಲ. ಒಕ್ಕಲುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಧಣಿ ಕೆಮ್ಮಿದ. ಸಿಮೋಸ್ ಹೋಗಿ ಎರಡೂ ಕೊಂಬು ಹಿಡಿದ. ಪೂಜಾರಿ ಹೂಜಿಯನ್ನು ಎತ್ತಿನ ಕಿವಿಯೊಳಕ್ಕೇ ಬಗ್ಗಿಸಿದ.

ಎತ್ತು ಒದರಿಕೊಂಡು ತಲೆ ಕೊಡವಿತು. ನೀರು ಮೀರ್ತೊಳ ಮುಖಕ್ಕೆ ಸಿಡಿಯಿತು.

"ಒಪ್ತು," ಎಂದ ಪೂಜಾರಿ. ಕೂತವರೆಲ್ಲ ಅಕ್ಷತೆಯಂತೆ ಜವೆಕಾಳು ಎರಚಿದರು.

ಕೊಡಲಿ ಬೀಳುವ ಹೊತ್ತಿಗೆ ಹೆಂಗಸರು ಗಂಟಲೆತ್ತಿ ಜಯದ ಕೂಗು ಹಾಕಬೇಕು. ಎತ್ತು ಕೊಟ್ಟ ಮನೆಯವಳೇ ಮೊದಲು. ಕೊಡಲಿ ಬಿತ್ತು. ಮೆಲಿತ್ತಾ ತುಟಿ ಬಿಚ್ಚಲಿಲ್ಲ.

"ಕೂಗೇ, ಲೌಡಿ," ಎಂದ ಸಿಮೋಸ್.

ಅವಳು ಕೂಗಲಿಲ್ಲ. ಅವಳನ್ನು ನೋಡಿ ಒಕ್ಕಲು ಕೇರಿಯ ಒಬ್ಬ ಹೆಂಗಸೂ ಕೂಗಲಿಲ್ಲ. ನೆಲಕ್ಕೆ ರಕ್ತ ಇಳಿಯುವ ಸದ್ದೊಂದೇ ಕೇಳುತ್ತಿತ್ತು.

ಮೀರ್ತೊ ಮುಖದ ನೀರು ಒರೆಸಿಕೊಂಡು ಅವ್ವನ ಕಡೆ ತಿರುಗಿದಳು. ಮೆಲಿತ್ತಾಳ ಅಂಗೈ ಮಗಳ ಬಾಯಿಯ ಕಡೆ ಏಳುತ್ತಿದ್ದುದು ಅರ್ಧದಲ್ಲೇ ನಿಂತು ಕೆಳಗಿಳಿಯಿತು.

"ಅವ್ವಾ," ಎಂದಳು ಮೀರ್ತೊ, ಅಲ್ಲಿದ್ದವರಿಗೆಲ್ಲ ಕೇಳುವಂತೆ, "ಅಪ್ಪನ ಕಿವೀಗೂ ಹಿಂಗೇ ನೀರು ಹುಯ್ದಿದ್ರಾ?"