ನೇಯದೆ ಬಿಟ್ಟ ನಲವತ್ತು ಸೆಂಟಿಮೀಟರ್

2019ರ ಮಾರ್ಚ್ 14, ಗುರುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಾನು ಮೆಕ್ಸಿಕೊದ ನೇಕಾರರ ಊರು ತೆಯೋತಿತ್ಲಾನಿನ ನಮ್ಮ ಮನೆಯ ಅಂಗಳದಲ್ಲಿ ಚೀಲ ಇಳಿಸಿದೆ. ವಹಾಕಾ ನಗರದಲ್ಲಿ ರಾಸಾಯನಿಕ ಇಂಜಿನಿಯರಿಂಗಿನ ಕೊನೆಯ ಪರೀಕ್ಷೆಗಳನ್ನು ಮುಗಿಸಿ, ಮನೆ ಬಿಟ್ಟ ಐದು ದಿನಗಳ ಮೇಲೆ ವಾಪಸು ಬಂದಿದ್ದೆ. ಹನ್ನೆರಡು ಗಂಟೆಗೆ ಮೆಕ್ಸಿಕೊ ನಗರದ ಪ್ರದರ್ಶನದವರ ವ್ಯಾನು ಬರುವುದಿತ್ತು. ನನ್ನ ಜಮಖಾನೆ ಆಯ್ಕೆಯಾದರೆ ಎರಡು ವರ್ಷ ಅಲ್ಲೇ ಇದ್ದು, ನನಗೆ ಬೇಕಾದದ್ದನ್ನು ನೇಯಬಹುದಿತ್ತು. ಷರತ್ತು ಒಂದೇ: ಕೆಲಸ ಪೂರ್ತಿ ಒಬ್ಬರ ಕೈಯದೇ ಆಗಿರಬೇಕು. ಹಾಗೆಂದು ಸಹಿ ಹಾಕಿಟ್ಟಿದ್ದೆ.

ಮನೆಯ ಮೂರನೆಯ ಮಗ್ಗ ನನ್ನದು. ಅದಕ್ಕಾಗಿ ಅಪ್ಪನ ಜೊತೆ ಒಪ್ಪಂದವಾಗಿತ್ತು. ವರ್ಷವಿಡೀ ಮನೆತನದ ಮೆಟ್ಟಿಲು-ಸುರುಳಿ ಅಂಚಿನ ಜಮಖಾನೆಗಳನ್ನು ನಾನು ನೇಯಬೇಕು. ಆ ಮಗ್ಗವನ್ನು ಮಾತ್ರ ಬೇರೆ ಯಾರೂ ಮುಟ್ಟಬಾರದು. ಮೂವತ್ತೊಂದು ನೇಯ್ದುಕೊಟ್ಟೆ.

ನನ್ನದಕ್ಕೆ ಅಂಚಿರಲಿಲ್ಲ. ಕಳ್ಳಿಯ ಮೇಲಿನ ಬಣ್ಣದ ಹುಳುವಿನಿಂದ, ನಿಂಬೆರಸದ ಅಳತೆ ಬದಲಿಸುತ್ತ, ಅರವತ್ತಮೂರು ಬಗೆಯ ಕೆಂಪು ತೆಗೆದಿದ್ದೆ. ಕೆಂಪು ತೆಳುವಾಗುತ್ತ ಹೋಗಿ ಬಣ್ಣವಿಲ್ಲದ ಉಣ್ಣೆಯಾಗುತ್ತದೆ. ಆಮೇಲೆ ಉಣ್ಣೆಯೂ ಇಲ್ಲ, ನಲವತ್ತು ಸೆಂಟಿಮೀಟರ್ ಬರೀ ಹಾಸಿನ ನೂಲು, ಮಗ್ಗಕ್ಕೆ ಉದ್ದಕ್ಕೂ ಬಿಗಿದ ಎಳೆಗಳು. ಕೆಂಪು ಮುಗಿದುಹೋಗುವುದನ್ನು ತೋರಿಸಲು ನನಗೆ ಬೇರೆ ದಾರಿ ಕಂಡಿರಲಿಲ್ಲ. ನಮ್ಮೂರಲ್ಲಿ ಹಾಸು ಕಾಣಿಸಿದರೆ ನೇಕಾರನ ಮಾನ ಹೋದಂತೆ. ಅಪ್ಪನಿಗೆ ಮೂರು ಸಲ ವಿವರಿಸಿದ್ದೆ. "ನಿನ್ನ ಮಗ್ಗ, ನಿನ್ನ ಹುಚ್ಚು," ಎಂದಿದ್ದ. ನೂಲಿನ ಬಿಗಿ ಕೊನೆಯವರೆಗೂ ಉಳಿಯಲೆಂದು ಜಮಖಾನೆಯನ್ನು ಮಗ್ಗದ ಮೇಲೆಯೇ ಬಿಟ್ಟುಹೋಗಿದ್ದೆ. ನನ್ನ ತಪ್ಪು ಅದೊಂದೇ.

"ಮೊದ್ಲು ಅತೋಲೆ ಕುಡಿಯೇ ಸೆನೈದಾ, ಆರೋಗತ್ತೆ," ಎನ್ನುತ್ತ ಅಮ್ಮ ಬಿಸಿ ಮೆಕ್ಕೆಜೋಳದ ಗಂಜಿಯ ಲೋಟ ಹಿಡಿದು ಮಗ್ಗಕ್ಕೂ ನನಗೂ ನಡುವೆ ನಿಂತಳು. ಅವಳನ್ನು ಬಳಸಿಕೊಂಡು ಹೋಗಿ ಹೊದಿಸಿದ್ದ ಬಟ್ಟೆ ಎತ್ತಿದೆ.

ಖಾಲಿ ಜಾಗವೇ ಇರಲಿಲ್ಲ. ಬೂದು ಬಿಳುಪಿನಲ್ಲಿ ಮೆಟ್ಟಿಲು, ಸುರುಳಿ, ಮತ್ತೆ ಮೆಟ್ಟಿಲು. ಅಪ್ಪನದೇ ಕೈ. ಒಂದು ಎಳೆಯೂ ಸಡಿಲವಿರಲಿಲ್ಲ.

"ಬಂದ್ಯಾ ಇಂಜಿನಿಯರಮ್ಮ?" ಅಪ್ಪ ಬಾಗಿಲಲ್ಲಿ ನಿಂತಿದ್ದ. "ಪರೀಕ್ಷೆ ಹೆಂಗಾಯ್ತು?"

"ಮಾತು ಕೊಟ್ಟಿದ್ದೆ ನೀನು."

"ಎವಾರಿಸ್ತೊ ಬಂದಿದ್ದ." ಎವಾರಿಸ್ತೊ ದೀಕ್ಷಾಸ್ನಾನದಲ್ಲಿ ನನ್ನನ್ನು ಎತ್ತಿಕೊಂಡ ಜ್ಞಾನತಂದೆ, ನೇಯ್ಗೆಯಲ್ಲಿ ಅಪ್ಪನಷ್ಟೇ ಹೆಸರಿದ್ದವನು. "ಬಟ್ಟೆ ಎತ್ತಿ ನೋಡ್ದ. 'ಏನೋ ಎರ್ಮಿಲೊ, ಮನೇಲಿ ಉಣ್ಣೆ ತೀರಿತೋ, ಮಗಳಿಗೆ ಕಲಿಸೋದು ತೀರಿತೋ?' ಅಂತ ನಕ್ಕ. ನಾಕು ಜನ ಇದ್ರು ಕಣೇ."

"'ಅದು ಇರೋದೇ ಹಾಗೆ' ಅನ್ನೋಕಾಗ್ಲಿಲ್ವಾ?"

"ನಂಗೇ ಅರ್ಥ ಆಗ್ದೇ ಇದ್ದದ್ದನ್ನ ಅವನಿಗೆ ಏನಂತ ಹೇಳ್ಲಿ? ಈ ಮನೆಯಿಂದ ಬತ್ತಲೆ ಜಮಖಾನೆ ಯಾವತ್ತೂ ಹೋಗಿಲ್ಲ. ಈಗ ನೋಡು, ಲಕ್ಷಣವಾಗಿದೆ."

ಬೂದು ಉಣ್ಣೆ ನಾನು ಎತ್ತಿಟ್ಟಿದ್ದದ್ದು. ಕೆಳಗೆ ಬಿದ್ದಿದ್ದ, ನೂಲು ಸುತ್ತಿದ ಕಂಡಿಕೆಯ ತುದಿಯಲ್ಲಿ ಎಡಗೈಯಿಂದ ಹಾಕಿದ ಗಂಟಿತ್ತು. ಮನೆಯಲ್ಲಿ ಎಡಗೈಯವಳು ಅಮ್ಮ ಒಬ್ಬಳೇ.

"ಸೋಮವಾರ ಫೋನಲ್ಲಿ ಏನಂದೆ ಅಮ್ಮ? 'ಮಗ್ಗ ಹಾಗೇ ಇದೆ, ಬಟ್ಟೆ ಹೊದಿಸಿಟ್ಟಿದೀನಿ' ಅಂದ್ಯಲ್ಲ?"

"ಪರೀಕ್ಷೆ ಕೆಡತ್ತೆ ಅಂತ..."

"ಕಂಡಿಕೆ ಸುತ್ತಿಕೊಟ್ಟಿದ್ದೂ ನನ್ನ ಪರೀಕ್ಷೆಗೇನಾ?"

ಅವಳು ಲೋಟವನ್ನು ಮಗ್ಗದ ಪಕ್ಕದಲ್ಲಿಟ್ಟು ಒಳಗೆ ಹೋದಳು. ಅಪ್ಪ ಮಾತು ಮುರಿದದ್ದು ಸಿಟ್ಟು ತರಿಸಿತ್ತು. ಅವಳು ಸುಳ್ಳು ಹೇಳಿದ್ದು ಅದಕ್ಕಿಂತ ನೋಯಿಸಿತು. ಲೋಟವನ್ನು ಮಗ್ಗದಿಂದ ದೂರ ಸರಿಸಿದೆ.

ಕತ್ತರಿ, ಕೊಕ್ಕೆ ತೆಗೆದುಕೊಂಡು ಕೂತೆ. ನನ್ನ ಕೊನೆಯ ಸಾಲು ಮುಗಿದು ಅಪ್ಪನ ಮೊದಲ ಸಾಲು ಶುರುವಾಗುವಲ್ಲಿಂದ, ಹಾಸಿನ ನೂಲಿಗೆ ಕತ್ತರಿ ತಾಗದಂತೆ ಅಡ್ಡ ಎಳೆಯಾದ ಹೊಕ್ಕನ್ನು ಕತ್ತರಿಸಿ ಒಂದೊಂದೇ ಎಳೆ ಈಚೆ ಎಳೆದೆ. ಅಪ್ಪ ಬಡಿದು ಕೂರಿಸಿದ ಉಣ್ಣೆ ಸುಲಭವಾಗಿ ಬರುವುದಿಲ್ಲ. ಮೊದಲ ಗಂಟೆಯಲ್ಲಿ ಐದು ಸೆಂಟಿಮೀಟರ್ ಬಿಚ್ಚಿತು. ಹನ್ನೆರಡರೊಳಗೆ ನಲವತ್ತು ಆಗುವುದಿಲ್ಲವೆಂದು ಆಗಲೇ ತಿಳಿಯಿತು.

ಒಂಬತ್ತರ ಹೊತ್ತಿಗೆ ಅಪ್ಪ ಮಣೆ ಎಳೆದುಕೊಂಡು ಪಕ್ಕಕ್ಕೆ ಬಂದ. "ಕೊಡಿಲ್ಲಿ. ನಾನೇ ಹಾಕಿದ್ದು, ನಾನೇ ಬಿಚ್ತೀನಿ. ನಿನಗಿಂತ ಬೇಗ ಆಗತ್ತೆ."

"ಮುಟ್ಬೇಡ. ಈ ಮಾತು ಎರಡನೇ ಸಲ ಹೇಳ್ತಿದೀನಿ."

ಅವನು ಮುಟ್ಟಲಿಲ್ಲ, ಎದ್ದೂ ಹೋಗಲಿಲ್ಲ. ತಾನು ನೇಯ್ದದ್ದು ಬಿಚ್ಚಿಹೋಗುವುದನ್ನು ಮೂರು ಗಂಟೆ ನೋಡುತ್ತ ಕೂತ.

ಬೀದಿಯಲ್ಲಿ ವ್ಯಾನಿನ ಹಾರ್ನ್ ಕೇಳಿದಾಗ ಬಿಚ್ಚಿದಲ್ಲಿಗೆ ನಿಲ್ಲಿಸಿ, ಅಪ್ಪನ ಅಂಚಿನ ಬುಡಕ್ಕೆ ಹಾಸನ್ನು ಕತ್ತರಿಸಿದೆ. ನನ್ನದು ಮಡಿಲಿಗೆ ಬಿತ್ತು. ಅವನದು ಗೇಣಿಗಿಂತ ತುಸು ಕಡಿಮೆ, ಮಗ್ಗದಲ್ಲೇ ಉಳಿಯಿತು.

"ಈ ತುಂಡನ್ನ ಏನ್ಮಾಡ್ಲಿ?" ಅಪ್ಪ ಕೇಳಿದ.

"ಎವಾರಿಸ್ತೊಗೆ ತೋರ್ಸು. ಚೆನ್ನಾಗಿದೆ."

ಹಾಸಿನ ನೂಲುಗಳಲ್ಲಿ ಅವನ ಹೊಕ್ಕು ಕೂತಿದ್ದ ಕಡೆಯೆಲ್ಲ ಸಣ್ಣ ಅಲೆಗಳು ಉಳಿದಿದ್ದವು. ಅವು ನೆಟ್ಟಗಾಗುವುದಿಲ್ಲ. ವ್ಯಾನಿನವನು ಚೀಟಿ ಮುಂದೆ ಹಿಡಿದ. ಅದರಲ್ಲಿ ನೇಯದ ಭಾಗದ ಉದ್ದ ನಲವತ್ತು ಎಂದು ಹಿಂದಿನ ತಿಂಗಳೇ ತುಂಬಿ ಕಳಿಸಿದ್ದೆ. ಅದನ್ನು ಹೊಡೆದುಹಾಕಿ, ಟೇಪಿನಲ್ಲಿ ಎರಡು ಸಲ ಅಳೆದು ಬರೆದೆ: 23 ಸೆಂಟಿಮೀಟರ್.